ಬಿಲ್ಲಿಗೆ ಸೇರುವ ಸೊನ್ನೆಗಳು

‘ಏಳು ಸೀಟು, ಒಬ್ಬರೇ ಮಾಲೀಕರು, ಸುಸ್ಥಿತಿಯಲ್ಲಿದೆ.’ ಹಳೆಯ ಎಸ್‌ಯುವಿ ಮಾರಾಟದ ಜಾಹೀರಾತಿನಲ್ಲಿ ಈ ಮೂರು ಮಾತುಗಳು ಕಂಡರೆ ಮಧ್ಯಮ ವರ್ಗದ ಮನೆಗಳಲ್ಲಿ ಸಣ್ಣದೊಂದು ಸಂಚಲನ ಉಂಟಾಗುತ್ತದೆ. ಹೊಸದು ಕೊಳ್ಳಲು ಹತ್ತಾರು ಲಕ್ಷ ಬೇಕು. ಹತ್ತು ಹನ್ನೆರಡು ವರ್ಷ ಓಡಿದ್ದು ಕೆಲವೇ ಲಕ್ಷಕ್ಕೆ ಸಿಗುತ್ತದೆ. ಅಜ್ಜ ಅಜ್ಜಿಯನ್ನೂ ಕೂಡಿಸಿಕೊಂಡು ಧರ್ಮಸ್ಥಳಕ್ಕೆ ಹೋಗಿ ಬರಬಹುದು, ಹಳ್ಳಿಯ ಮಣ್ಣು ರಸ್ತೆಗೂ ಹೆದರಬೇಕಿಲ್ಲ ಎಂಬ ಲೆಕ್ಕಾಚಾರ ಆರಂಭವಾಗುತ್ತದೆ. ಈ ಲೆಕ್ಕದಲ್ಲಿ ಬೆಲೆ ಇರುತ್ತದೆ, ಡೀಸೆಲ್ ಖರ್ಚು ಇರುತ್ತದೆ. ಸಾಮಾನ್ಯವಾಗಿ ಬಿಟ್ಟುಹೋಗುವುದು ರಿಪೇರಿ ಖರ್ಚು.

ನಮ್ಮ ದೇಶದ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇಂಥ ದೊಡ್ಡ ಡೀಸೆಲ್ ವಾಹನಗಳಿಗೆ ಕೊರತೆಯಿಲ್ಲ. ಟಾಟಾ ಸುಮೊ 1994ರಲ್ಲಿ, ಟಾಟಾ ಸಫಾರಿ 1998ರಲ್ಲಿ, ಮಹೀಂದ್ರ ಬೊಲೆರೊ 2000ದಲ್ಲಿ, ಸ್ಕಾರ್ಪಿಯೊ 2002ರಲ್ಲಿ ರಸ್ತೆಗಿಳಿದವು. ಬಿಡದಿಯ ಕಾರ್ಖಾನೆಯಲ್ಲಿ ತಯಾರಾದ ಟೊಯೊಟಾ ಕ್ವಾಲಿಸ್ 2000ದಲ್ಲಿ ಬಂದು, 2005ರಲ್ಲಿ ಇನ್ನೋವಾಗೆ ಜಾಗ ಬಿಟ್ಟುಕೊಟ್ಟಿತು. ಅನಂತರ ಸ್ಕಾರ್ಪಿಯೊಗೆ ‘ಎಂಹಾಕ್’ ಎಂಬ 2.2 ಲೀಟರ್ ಎಂಜಿನ್ ಕೂಡಿಸಲಾಯಿತು. ಕಂಪನಿಗಳು ಬೇರೆ, ರೂಪ ಬೇರೆ. ಆದರೆ ಇವೆಲ್ಲದರ ಮೈಕಟ್ಟು ಹೆಚ್ಚು ಕಡಿಮೆ ಒಂದೇ: ಏಣಿಯಂಥ ಉಕ್ಕಿನ ಚಾಸಿ, ಅದರ ಮೇಲೆ ಕೂಡಿಸಿದ ಬಾಡಿ, ಮುಂದೆ ಡೀಸೆಲ್ ಎಂಜಿನ್, ಅಲ್ಲಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟ್. ಮೈಕಟ್ಟು ಒಂದೇ ಆದ್ದರಿಂದ ಮುಪ್ಪಿನಲ್ಲಿ ಬರುವ ಕಾಯಿಲೆಗಳೂ ಹೆಚ್ಚು ಕಡಿಮೆ ಒಂದೇ.

ಗ್ಯಾರೇಜಿನ ಬಿಲ್ಲು ಊರಿನಿಂದ ಊರಿಗೆ, ವಾಹನದಿಂದ ವಾಹನಕ್ಕೆ ಬದಲಾಗುತ್ತದೆ. ಹಾಗಾಗಿ ಪೈಸೆ ಪೈಸೆಯ ಪಟ್ಟಿಗಿಂತ ಬಿಲ್ಲಿನ ಕೊನೆಯ ಸೊನ್ನೆಗಳನ್ನು ಎಣಿಸುವುದು ಹೆಚ್ಚು ಉಪಯುಕ್ತ. ಗಣಿತದ ಪಾಠದಲ್ಲಿ ಹತ್ತರ ಘಾತಗಳನ್ನು ಓದಿದ ವಿದ್ಯಾರ್ಥಿಗಳಿಗೆ ಇದು ಸುಲಭ. ನೂರುಗಳಲ್ಲಿ ಮುಗಿಯುವ ಕೆಲಸ ಒಂದು, ಸಾವಿರಗಳಲ್ಲಿ ಮುಗಿಯುವುದು ಇನ್ನೊಂದು, ಹತ್ತಾರು ಸಾವಿರದ್ದು ಮತ್ತೊಂದು, ಲಕ್ಷದ್ದು ಮಗದೊಂದು. ಹಳೆಯ ವಾಹನದ ವಿಷಯದಲ್ಲಿ ನೆನಪಿಡಬೇಕಾದ ಸತ್ಯ ಇಷ್ಟೇ: ಲಕ್ಷದ ರಿಪೇರಿಗಳಲ್ಲಿ ಬಹುಪಾಲು ನೂರರ ರಿಪೇರಿಯಾಗಿಯೇ ಹುಟ್ಟಿರುತ್ತವೆ. ಸೂಚನೆಯನ್ನು ಕಡೆಗಣಿಸಿದಾಗಲೆಲ್ಲ ಬಿಲ್ಲಿಗೆ ಒಂದೊಂದು ಸೊನ್ನೆ ಸೇರುತ್ತ ಹೋಗುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತರುವ ಸ್ಥಿತಿ ಬರುತ್ತದೆ.

ಮುಪ್ಪು ಬರುವುದು ಕಬ್ಬಿಣಕ್ಕಲ್ಲ

ಹಳೆಯ ವಾಹನವನ್ನು ನೋಡಲು ಹೋದವರು ಮೊದಲು ನೋಡುವುದು ಮೀಟರನ್ನು. ‘ಎಂಬತ್ತು ಸಾವಿರ ಕಿಲೋಮೀಟರ್ ಮಾತ್ರ ಓಡಿದೆ’ ಎಂದರೆ ಸಮಾಧಾನ. ಆದರೆ ಮೀಟರನ್ನು ಹಿಂದಕ್ಕೆ ತಿರುಗಿಸುವವರೂ ಇದ್ದಾರೆ. ತಿರುಗಿಸದಿದ್ದರೂ ಕಿಲೋಮೀಟರ್ ಹೇಳುವುದು ಅರ್ಧ ಕತೆಯನ್ನಷ್ಟೇ. ಚಾಸಿಯ ಉಕ್ಕು, ಎಂಜಿನ್ನಿನ ಎರಕದ ಕಬ್ಬಿಣ ಹತ್ತು ಹದಿನೈದು ವರ್ಷಕ್ಕೆ ಮುದಿಯಾಗುವ ವಸ್ತುಗಳಲ್ಲ. ಮುದಿಯಾಗುವುದು ಅವುಗಳ ನಡುವೆ ಇರುವ ಮೆತ್ತನೆಯ ವಸ್ತುಗಳು: ರಬ್ಬರ್, ಎಣ್ಣೆ, ಕೂಲೆಂಟ್, ಬ್ರೇಕ್ ಆಯಿಲ್.

ರಬ್ಬರ್ ಎಂಬುದು ಉದ್ದುದ್ದ ಅಣುಸರಪಳಿಗಳ ಹೆಣಿಗೆ. ಗಾಳಿಯಲ್ಲಿರುವ ಆಮ್ಲಜನಕ ಮತ್ತು ಓಝೋನ್ ಈ ಸರಪಳಿಗಳ ಮೇಲೆ ನಿಧಾನವಾಗಿ ದಾಳಿ ಮಾಡುತ್ತವೆ. ಬಿಸಿ ಹೆಚ್ಚಿದಷ್ಟೂ ದಾಳಿ ತೀವ್ರ. ಮೆತ್ತಗಿದ್ದ ರಬ್ಬರ್ ಗಡುಸಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಈ ಕ್ರಿಯೆಗೆ ವಾಹನ ಓಡಲೇಬೇಕೆಂದಿಲ್ಲ. ಮನೆಯ ಮುಂದೆ ಬಿಸಿಲಿನಲ್ಲಿ ನಿಂತಿದ್ದರೂ ಸಾಕು. ಆದ್ದರಿಂದ ‘ಓಡಿಸಿಯೇ ಇಲ್ಲ, ಹಾಗೇ ನಿಲ್ಲಿಸಿದ್ದೆವು’ ಎಂಬ ಮಾತು ಪ್ರಮಾಣಪತ್ರವಲ್ಲ.

ಟೈರಿನ ವಯಸ್ಸನ್ನು ವಿದ್ಯಾರ್ಥಿಗಳೇ ಓದಬಹುದು. ಟೈರಿನ ಬದಿಯಲ್ಲಿ ಒಂದು ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2317 ಎಂದಿದ್ದರೆ 2017ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಗೆರೆಗಳು ಆಳವಾಗಿಯೇ ಇದ್ದರೂ ಬದಿಯಲ್ಲಿ ಕೂದಲೆಳೆಯ ಬಿರುಕುಗಳು ಕಾಣಿಸಿದರೆ ಆ ಟೈರು ಹೆದ್ದಾರಿಗೆ ಯೋಗ್ಯವಲ್ಲ. ನಾಲ್ಕು ಟೈರು ಮತ್ತು ಸ್ಟೆಪ್ನಿ ಸೇರಿದರೆ ಕೊಂಡ ಮೊದಲ ತಿಂಗಳೇ ಹತ್ತಾರು ಸಾವಿರದ ಬಿಲ್ಲು ಸಿದ್ಧ.

ನೀರಿನ ದಾರಿ

ಎಂಜಿನ್ನಿನಲ್ಲಿ ಉರಿಯುವ ಡೀಸೆಲ್‌ನ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಚಕ್ರ ತಿರುಗಿಸುವ ಕೆಲಸಕ್ಕೆ ಒದಗುವುದಿಲ್ಲ. ಅದು ಶಾಖವಾಗಿ ಹೊರಹೋಗಬೇಕು. ಒಂದು ಪಾಲು ಹೊಗೆಯ ಜೊತೆ ಹೋಗುತ್ತದೆ, ಇನ್ನೊಂದು ಪಾಲನ್ನು ಕೂಲೆಂಟ್ ಎಂಬ ದ್ರವ ರೇಡಿಯೇಟರಿಗೆ ಹೊತ್ತು ತರುತ್ತದೆ. ರೇಡಿಯೇಟರಿನ ಮುಚ್ಚಳ ಕೆಲಸ ಮಾಡುವುದು ಅಡುಗೆ ಮನೆಯ ಪ್ರೆಶರ್ ಕುಕ್ಕರಿನ ತತ್ತ್ವದಲ್ಲಿ. ಒಳಗಿನ ಒತ್ತಡ ವಾತಾವರಣಕ್ಕಿಂತ ಒಂದು ಬಾರ್‌ನಷ್ಟು ಹೆಚ್ಚಾದರೆ ಬರೀ ನೀರೂ 100ರ ಬದಲು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಎಂಜಿನ್ ಬಿಸಿಯಿದ್ದಾಗ ಈ ಮುಚ್ಚಳ ತೆಗೆಯಬಾರದು ಎನ್ನುವುದು ಇದೇ ಕಾರಣಕ್ಕೆ. ಒತ್ತಡ ಇಳಿದ ಕ್ಷಣದಲ್ಲೇ ದ್ರವ ಉಕ್ಕಿ ಮುಖಕ್ಕೆ ಹಾರುತ್ತದೆ.

ಈಗ ಸೊನ್ನೆಗಳ ಲೆಕ್ಕ. ಒಂದು ಹೋಸ್ ಪೈಪ್ ಬಿರುಕು ಬಿಟ್ಟಿದೆ ಎಂದುಕೊಳ್ಳೋಣ. ಬದಲಿಸಲು ನೂರುಗಳ ಖರ್ಚು. ಬದಲಿಸದೆ ದಿನವೂ ಬರೀ ನೀರು ಸುರಿಯುತ್ತ ಹೋದರೆ ಒಳಗೆ ತುಕ್ಕು, ಸುಣ್ಣ ಕಟ್ಟಿ ರೇಡಿಯೇಟರ್, ವಾಟರ್ ಪಂಪ್, ಥರ್ಮೋಸ್ಟಾಟ್‌ಗಳು ಕೆಡುತ್ತವೆ. ಇದು ಸಾವಿರಗಳ ಬಿಲ್ಲು. ಅದನ್ನೂ ಮುಂದೂಡಿದರೆ ಒಂದು ದಿನ ಏರು ರಸ್ತೆಯಲ್ಲಿ ಉಷ್ಣತೆಯ ಮುಳ್ಳು ಕೆಂಪು ಗೆರೆ ದಾಟುತ್ತದೆ.

ಆಗ ಏನಾಗುತ್ತದೆ ಎಂಬುದನ್ನು ಭೌತಶಾಸ್ತ್ರದ ಪಠ್ಯದಲ್ಲಿರುವ ಉಷ್ಣ ವಿಕಾಸದ ಸೂತ್ರವೇ ಹೇಳುತ್ತದೆ. ಅನೇಕ ಎಂಜಿನ್‌ಗಳಲ್ಲಿ ಕೆಳಗಿನ ಬ್ಲಾಕ್ ಎರಕದ ಕಬ್ಬಿಣದ್ದು, ಮೇಲಿನ ಹೆಡ್ ಅಲ್ಯೂಮಿನಿಯಮ್ಮಿನದು. ಅರ್ಧ ಮೀಟರ್ ಉದ್ದದ ಹೆಡ್ 80 ಡಿಗ್ರಿ ಬಿಸಿಯೇರಿದರೆ ಸುಮಾರು 0.9 ಮಿ.ಮೀ. ಹಿಗ್ಗುತ್ತದೆ. ಅಷ್ಟೇ ಉದ್ದದ ಕಬ್ಬಿಣ ಹಿಗ್ಗುವುದು ಸುಮಾರು 0.45 ಮಿ.ಮೀ. ಈ ವ್ಯತ್ಯಾಸವನ್ನು ತಾಳಿಕೊಳ್ಳುವಂತೆಯೇ ಎಂಜಿನಿಯರುಗಳು ವಿನ್ಯಾಸ ಮಾಡಿರುತ್ತಾರೆ. ಆದರೆ ಮಿತಿ ಮೀರಿ ಕಾದಾಗ ಬೋಲ್ಟುಗಳಿಂದ ಬಿಗಿದ ಹೆಡ್ ಹಿಗ್ಗಲು ಜಾಗವಿಲ್ಲದೆ ಡೊಂಕಾಗುತ್ತದೆ. ನಡುವಿನ ಗ್ಯಾಸ್ಕೆಟ್ ಸೀಳುತ್ತದೆ. ಹೆಡ್ ಬಿಚ್ಚಿ, ಲೇತ್ ಅಂಗಡಿಗೆ ಒಯ್ದು ಮಟ್ಟ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಕೂಡಿಸುವಷ್ಟರಲ್ಲಿ ಬಿಲ್ಲು ಹತ್ತಾರು ಸಾವಿರಕ್ಕೆ ಮುಟ್ಟಿರುತ್ತದೆ. ಕೆಂಪು ಗೆರೆ ದಾಟಿದ ಮೇಲೂ ‘ಇನ್ನು ಐದೇ ಕಿಲೋಮೀಟರ್, ಊರು ಸೇರಿಬಿಡೋಣ’ ಎಂದು ಓಡಿಸಿದರೆ ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದುಕೊಳ್ಳುತ್ತದೆ. ‘ಎಂಜಿನ್ ಬೋರಿಗೆ ಬಂತು’ ಎಂದು ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾನೆ. ಅದು ಲಕ್ಷದ ಆಸುಪಾಸಿನ ಮಾತು. ನೂರು, ಸಾವಿರ, ಹತ್ತು ಸಾವಿರ, ಲಕ್ಷ: ನಾಲ್ಕು ಮೆಟ್ಟಿಲು. ಪ್ರತಿ ಮೆಟ್ಟಿಲಿನಲ್ಲೂ ನಿಲ್ಲಲು ಅವಕಾಶವಿತ್ತು.

ಕೊಳ್ಳುವವರು ಇದನ್ನು ಪತ್ತೆ ಹಚ್ಚುವ ಬಗೆ ಸರಳವಾಗಿದೆ. ತಣ್ಣಗಿರುವ ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದು ಒಳಬದಿ ನೋಡಬೇಕು. ಹಾಲು ಬೆರೆಸಿದ ಕಾಫಿಯ ಬಣ್ಣದ ನೊರೆ ಅಂಟಿಕೊಂಡಿದ್ದರೆ ನೀರು ಮತ್ತು ಎಣ್ಣೆ ಬೆರೆತು ಎಮಲ್ಷನ್ ಆಗಿದೆ ಎಂದು ತಿಳಿಯಬಹುದು. ಗ್ಯಾಸ್ಕೆಟ್ ಸೀಳಿರುವ ಸಂಶಯಕ್ಕೆ ಇದು ಬಲವಾದ ಆಧಾರ.

ಎಣ್ಣೆಯ ದಾರಿ

ಎಣ್ಣೆಯ ಕೆಲಸ ಉಜ್ಜಾಟ ತಪ್ಪಿಸುವುದು ಮಾತ್ರವಲ್ಲ. ಅದು ಒಳಗಿನ ಶಾಖವನ್ನು ಸಾಗಿಸುತ್ತದೆ, ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಡೀಸೆಲ್ ಎಂಜಿನ್ನಿನ ಆಯಿಲ್ ಬದಲಿಸಿದ ಸ್ವಲ್ಪ ದಿನಗಳಲ್ಲೇ ಕಪ್ಪಾಗುವುದು ಇದರಿಂದ. ಕಪ್ಪು ಬಣ್ಣ ಕಂಡು ಗಾಬರಿಯಾಗಬೇಕಿಲ್ಲ. ಗಾಬರಿಯಾಗಬೇಕಾದದ್ದು ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಕೆಳಗಿನ ಗೆರೆಯನ್ನೂ ಮುಟ್ಟದಿದ್ದಾಗ, ಅಥವಾ ಬೆರಳಿಗೆ ಮರಳಿನಂತೆ ತರಿ ತರಿಯಾಗಿ ಸಿಕ್ಕಾಗ.

ಹಳೆಯ ಆಯಿಲ್‌ನ ಮೊದಲ ಬಲಿ ಟರ್ಬೊ. ಹೊರಹೋಗುವ ಹೊಗೆಯ ರಭಸದಿಂದ ತಿರುಗುವ ಈ ಪುಟ್ಟ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ಸುತ್ತಬಲ್ಲದು. ಸೆಕೆಂಡಿಗೆ ಲೆಕ್ಕ ಹಾಕಿದರೆ 1,600 ಸುತ್ತಿಗೂ ಮಿಗಿಲು. ಸಾಮಾನ್ಯವಾಗಿ ಅದರ ದಂಡ ತಿರುಗುವುದು ಎಣ್ಣೆಯ ತೆಳುಪದರದ ಮೇಲೆ. ದೂರ ಪ್ರಯಾಣ ಮಾಡಿ ಬಂದ ಕೂಡಲೇ ಎಂಜಿನ್ ಆರಿಸಿದರೆ ಎಣ್ಣೆಯ ಹರಿವು ನಿಲ್ಲುತ್ತದೆ, ಟರ್ಬೊ ಮಾತ್ರ ಕಾದೇ ಇರುತ್ತದೆ. ಅಲ್ಲಿ ಉಳಿದ ಎಣ್ಣೆ ಸೀದು ಕರಕಲಾಗುತ್ತದೆ. ನಿಲ್ಲಿಸುವ ಮುನ್ನ ಒಂದು ನಿಮಿಷ ಎಂಜಿನ್ನನ್ನು ನಿಧಾನಗತಿಯಲ್ಲಿ ಬಿಡುವ ಅಭ್ಯಾಸಕ್ಕೆ ಪುಡಿಗಾಸಿನ ಡೀಸೆಲ್ ಸಾಕು. ಕಾಲಕಾಲಕ್ಕೆ ಆಯಿಲ್ ಮತ್ತು ಫಿಲ್ಟರ್ ಬದಲಿಸಲು ಸಾವಿರಗಳು ಬೇಕು. ಹೊಸ ಟರ್ಬೊ ಹತ್ತಾರು ಸಾವಿರದ್ದು.

ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ಸಡಿಲಿಸಿ ನೋಡುವುದು ಗ್ಯಾರೇಜುಗಳಲ್ಲಿ ಬಳಕೆಯಲ್ಲಿರುವ ಪರೀಕ್ಷೆ. ಅಲ್ಲಿಂದ ಬುಸುಬುಸು ಹೊಗೆ ಒತ್ತಿಕೊಂಡು ಬಂದರೆ ಪಿಸ್ಟನ್ ರಿಂಗುಗಳು ಸವೆದು, ಮೇಲೆ ಉರಿಯಬೇಕಾದ ಅನಿಲ ಕೆಳಕ್ಕೆ ನುಸುಳುತ್ತಿದೆ ಎಂದು ಊಹಿಸಬಹುದು. ಅಂಥ ವಾಹನದ ಬೆಲೆಯಲ್ಲಿ ಒಂದು ಎಂಜಿನ್ ಕೆಲಸದ ಖರ್ಚನ್ನು ಮೊದಲೇ ಕಳೆಯಬೇಕು.

ಸಮುದ್ರದಾಳವನ್ನು ಮೀರಿದ ಒತ್ತಡ

ಹಳೆಯ ಸುಮೊ, ಕ್ವಾಲಿಸ್‌ಗಳಲ್ಲಿ ಡೀಸೆಲ್ ಪಂಪು ಮತ್ತು ನಾಜಲ್‌ಗಳು ಶುದ್ಧ ಯಾಂತ್ರಿಕ ವ್ಯವಸ್ಥೆಗಳು. ಅನುಭವಿ ಮೆಕ್ಯಾನಿಕ್ ಕೈಯಲ್ಲೇ ಸರಿಪಡಿಸಬಲ್ಲ. ಅನಂತರ ಬಂದ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಡೀಸೆಲನ್ನು 1,600 ಬಾರ್‌ನಂಥ ಒತ್ತಡಕ್ಕೆ ಒಯ್ದು, ಕಂಪ್ಯೂಟರ್ ಹೇಳಿದ ಕ್ಷಣದಲ್ಲಿ ಸಿಲಿಂಡರಿಗೆ ಚಿಮ್ಮಿಸಲಾಗುತ್ತದೆ. ನೀರಿನಲ್ಲಿ 10 ಮೀಟರ್ ಆಳಕ್ಕೆ ಸುಮಾರು ಒಂದು ಬಾರ್ ಒತ್ತಡ ಏರುತ್ತದೆ. ಆ ಲೆಕ್ಕದಲ್ಲಿ 1,600 ಬಾರ್ ಎಂದರೆ 16 ಕಿ.ಮೀ. ಆಳ. ಭೂಮಿಯ ಸಮುದ್ರಗಳಲ್ಲೇ ಅತ್ಯಂತ ಆಳವಾದ ಮರಿಯಾನಾ ಕಂದಕ ಕೂಡ ಸುಮಾರು 11 ಕಿ.ಮೀ. ಮಾತ್ರ!

ಇಂಥ ಒತ್ತಡದಲ್ಲಿ ದುಡಿಯುವ ಇಂಜೆಕ್ಟರಿನ ರಂಧ್ರಗಳು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನವು. ಡೀಸೆಲ್‌ನಲ್ಲಿ ಸೇರಿದ ನೀರು, ಕಸ ಅಲ್ಲಿಗೆ ತಲುಪಿದರೆ ರಿಪೇರಿ ಸುಲಭವಲ್ಲ. ಅವನ್ನು ತಡೆಯುವ ಡೀಸೆಲ್ ಫಿಲ್ಟರಿಗೆ ಹೆಚ್ಚೆಂದರೆ ಸಾವಿರಗಳ ಬೆಲೆ. ಒಂದು ಇಂಜೆಕ್ಟರಿಗೆ ಹತ್ತು ಸಾವಿರದ ಮೇಲೆ. ನಾಲ್ಕು ಸಿಲಿಂಡರಿಗೆ ನಾಲ್ಕು ಇಂಜೆಕ್ಟರ್ ಎಂಬುದನ್ನು ಮರೆಯಬಾರದು. ಹೊಸ ತಂತ್ರಜ್ಞಾನದಿಂದ ಶಕ್ತಿ ಹೆಚ್ಚಿತು, ಹೊಗೆ ಕಡಿಮೆಯಾಯಿತು. ಜೊತೆಗೆ ರಿಪೇರಿಯ ಬಿಲ್ಲಿಗೊಂದು ಸೊನ್ನೆಯೂ ಬಂತು.

ಹೊಗೆಯ ಮೂರು ಬಣ್ಣ

ಡಾಕ್ಟರು ನಾಲಿಗೆ ನೋಡುವಂತೆ ಮೆಕ್ಯಾನಿಕ್ ಹೊಗೆ ನೋಡುತ್ತಾನೆ. ಕಪ್ಪು ಹೊಗೆ ಎಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಟರ್ಬೊ ಪೈಪ್ ಸೋರುತ್ತಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ ಸವೆದಿದೆ. ಬಿಳಿ ಹೊಗೆ ಚಳಿಯ ಬೆಳಗ್ಗೆ ಸ್ವಲ್ಪ ಹೊತ್ತು ಬಂದು ನಿಂತರೆ ಸಹಜ. ಎಂಜಿನ್ ಕಾದ ಮೇಲೂ ದಟ್ಟವಾಗಿ ಬರುತ್ತಿದ್ದರೆ ಕೂಲೆಂಟ್ ಒಳಗೆ ನುಗ್ಗುತ್ತಿರಬಹುದು, ಇಲ್ಲವೇ ಡೀಸೆಲ್ ಉರಿಯದೆ ಆವಿಯಾಗಿ ಹೊರಬರುತ್ತಿರಬಹುದು. ಒಂದೇ ಕಪ್ಪು ಹೊಗೆಗೆ ನೂರುಗಳ ಏರ್ ಫಿಲ್ಟರೂ ಕಾರಣವಾಗಬಹುದು, ಹತ್ತಾರು ಸಾವಿರದ ಇಂಜೆಕ್ಟರೂ ಕಾರಣವಾಗಬಹುದು. ಅಗ್ಗದ ಕಾರಣವನ್ನು ಮೊದಲು ಪರೀಕ್ಷಿಸಿ, ಅದು ಅಲ್ಲವೆಂದು ಖಚಿತವಾದ ಮೇಲೆ ಮುಂದಿನದಕ್ಕೆ ಹೋಗುವ ಮೆಕ್ಯಾನಿಕ್ ಒಳ್ಳೆಯ ವಿಜ್ಞಾನಿಯೂ ಹೌದು.

ಸಾಮಾನಿಗಿಂತ ಕೂಲಿ ಹೆಚ್ಚು

ಕೆಲವು ರಿಪೇರಿಗಳಲ್ಲಿ ಬಿಡಿಭಾಗ ದುಬಾರಿಯಲ್ಲ, ಅದನ್ನು ತಲುಪುವ ದಾರಿ ದುಬಾರಿ. ಕ್ಲಚ್ ಇದಕ್ಕೆ ಉದಾಹರಣೆ. ಕ್ಲಚ್ ಪ್ಲೇಟು ಎಂಜಿನ್ ಮತ್ತು ಗೇರ್ ಬಾಕ್ಸಿನ ನಡುವೆ ಇರುತ್ತದೆ. ಬದಲಿಸಬೇಕೆಂದರೆ ಭಾರವಾದ ಗೇರ್ ಬಾಕ್ಸನ್ನೇ ಕೆಳಗಿಳಿಸಬೇಕು. ಹಾಗೆ ಇಳಿಸಿದಾಗ ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್‌ಗಳನ್ನೂ ಒಟ್ಟಿಗೆ ಬದಲಿಸುವುದು ಜಾಣತನ. ‘ಬೇರಿಂಗ್ ಇನ್ನೂ ಸ್ವಲ್ಪ ದಿನ ನಡೆಯುತ್ತೆ, ಬಿಡಿ’ ಎಂದು ಉಳಿಸಿದವರು ಆರು ತಿಂಗಳಲ್ಲಿ ಅದೇ ಕೂಲಿಯನ್ನು ಎರಡನೇ ಸಲ ತೆರಬೇಕಾಗಬಹುದು.

ಚಾಸಿಯ ಕೆಳಗೆ ಬಗ್ಗಿದರೆ ಇನ್ನೊಂದು ಲೋಕವೇ ಇದೆ. ತೋಳುಗಳ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ತುದಿ, ಶಾಕ್ ಅಬ್ಸಾರ್ಬರ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್. ಇವು ಒಂದೊಂದಾಗಿ ನೂರುಗಳಲ್ಲಿ ಅಥವಾ ಕೆಲವು ಸಾವಿರಗಳಲ್ಲಿ ಮುಗಿಯುವಂಥವು. ತಮ್ಮ ಸವೆತವನ್ನು ಸದ್ದಿನ ಮೂಲಕ ಮೊದಲೇ ಹೇಳುತ್ತವೆ. ಗೇರ್ ಹಾಕಿ ಹೊರಡುವಾಗ ಕೆಳಗಿನಿಂದ ‘ಟಕ್’ ಎಂದರೆ ಕ್ರಾಸ್ ಸವೆದಿರಬಹುದು. ಹಳ್ಳ ದಿಣ್ಣೆಯಲ್ಲಿ ‘ಗಡಗಡ’ ಎಂದರೆ ಬುಷ್ ಅಥವಾ ಲಿಂಕ್. ವೇಗದ ಜೊತೆಗೆ ಏರುವ ಗುಂಯ್‌ಗುಡುವಿಕೆ ವೀಲ್ ಬೇರಿಂಗಿನದಿರಬಹುದು. ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಮುಂಗಾಲುಗಳ ಜೋಡಣೆ ತಪ್ಪಿದೆ ಎಂದು ತಿಳಿಯಬೇಕು. ಇಲ್ಲಿಯೂ ಅದೇ ಸೊನ್ನೆಯ ನಿಯಮ: ಕೆಟ್ಟ ಬುಷ್ ಹೊಸ ಟೈರನ್ನು ತಿನ್ನುತ್ತದೆ. ಬಾಲ್ ಜಾಯಿಂಟ್ ಕಳಚಿದರಂತೂ ಚಕ್ರವೇ ವಾಲಿಬಿಡುತ್ತದೆ. ನಿಂತ ನೆಲದಿಂದ ಚಾಲಕನ ಸೀಟು ಎತ್ತರವಿರುವ ವಾಹನದಲ್ಲಿ ಗುರುತ್ವ ಕೇಂದ್ರವೂ ಎತ್ತರ. ಅಂಥ ವಾಹನ ವೇಗದಲ್ಲಿ ಹತೋಟಿ ತಪ್ಪಿದರೆ ಮಗುಚುವ ಸಂಭವ ಸಣ್ಣ ಕಾರಿಗಿಂತ ಹೆಚ್ಚು.

ಸೊನ್ನೆ ಎಣಿಸಬಾರದ ಜಾಗ

ಎಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕ್. ಜನ, ಸಾಮಾನು ಸೇರಿ ವಾಹನದ ತೂಕ 2,000 ಕಿಲೋಗ್ರಾಂ ಎಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡರೆ, ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದರ ಚಲನಶಕ್ತಿ ಸುಮಾರು 4.9 ಲಕ್ಷ ಜೌಲ್. ನಿಲ್ಲಿಸುವುದೆಂದರೆ ಇಷ್ಟನ್ನೂ ಕೆಲವೇ ಸೆಕೆಂಡುಗಳಲ್ಲಿ ಬಹುಮಟ್ಟಿಗೆ ಬ್ರೇಕಿನ ಶಾಖವಾಗಿ ಬದಲಿಸುವುದು. 25 ಡಿಗ್ರಿಯಲ್ಲಿರುವ ಒಂದೂವರೆ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಾಖ ಸಾಕು. ಅದೇ ವೇಗದ 1,000 ಕಿಲೋಗ್ರಾಂ ತೂಕದ ಸಣ್ಣ ಕಾರಿಗೆ ಇದರ ಅರ್ಧ.

ಘಾಟಿ ಇಳಿಯುವಾಗಿನ ಲೆಕ್ಕ ಇನ್ನೂ ಗಂಭೀರ. ಮಲೆನಾಡಿನಿಂದ ಕರಾವಳಿಗೆ ಹೋಗುವಾಗ ವಾಹನ 600 ಮೀಟರ್ ಕೆಳಗಿಳಿಯುತ್ತದೆ ಎಂದುಕೊಂಡರೆ ಅದು ಕಳೆದುಕೊಳ್ಳುವ ಸ್ಥಿತಿಶಕ್ತಿ ಸುಮಾರು 118 ಲಕ್ಷ ಜೌಲ್. ಎಂಬತ್ತರ ವೇಗದಿಂದ 24 ಸಲ ನಿಲ್ಲಿಸಿದ್ದಕ್ಕೆ ಅದು ಸಮ. ಎರಡು ದೊಡ್ಡ ಕೊಡಗಳಷ್ಟು, ಅಂದರೆ 37 ಲೀಟರ್ ನೀರು ಕುದಿಸುವಷ್ಟು ಶಾಖ. ಇದನ್ನೆಲ್ಲ ಬ್ರೇಕಿನ ಮೇಲೆಯೇ ಹೇರಿದರೆ ಪ್ಯಾಡು, ಲೈನರುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ‘ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ’ ಎಂಬ ಹಳೆಯ ಚಾಲಕರ ಮಾತಿನ ಹಿಂದೆ ಇರುವುದು ಇದೇ ಭೌತಶಾಸ್ತ್ರ. ಎಂಜಿನ್ನೇ ಆಗ ಅರ್ಧ ಬ್ರೇಕಾಗಿ ಕೆಲಸ ಮಾಡುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ, ಅದಕ್ಕಿಂತ ಕೆಟ್ಟದಾಗಿ ಎಂಜಿನ್ ಆರಿಸಿ ಇಳಿಸುವವರು ಈ ನೆರವನ್ನು ಕಳೆದುಕೊಳ್ಳುತ್ತಾರೆ. ಎಂಜಿನ್ ಆರಿದರೆ ಬ್ರೇಕಿಗೆ ಬಲ ತುಂಬುವ ನಿರ್ವಾತವೂ ಸ್ವಲ್ಪ ಹೊತ್ತಿನಲ್ಲೇ ಮುಗಿಯುತ್ತದೆ, ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ.

ಹಳೆಯ ವಾಹನದಲ್ಲಿ ಇದಕ್ಕೆ ಇನ್ನೊಂದು ಅಪಾಯ ಸೇರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ‘ಡಾಟ್ 4’ ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ಶೇಕಡಾ ನಾಲ್ಕರ ಸಮೀಪಕ್ಕೆ ನೀರು ಸೇರಿದರೆ ಅದೇ ಆಯಿಲ್‌ಗೆ ಮಾನಕ ಕೇಳುವ ಕನಿಷ್ಠ ಮಟ್ಟ 155 ಡಿಗ್ರಿ ಮಾತ್ರ. ಘಾಟಿಯಲ್ಲಿ ಚಕ್ರದ ಬಳಿ ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವವನ್ನು ಒತ್ತಿದರೆ ಅದು ಕುಗ್ಗದೆ ಒತ್ತಡವನ್ನು ಮುಂದಕ್ಕೆ ದಾಟಿಸುತ್ತದೆ ಎಂಬುದು ಪಾಸ್ಕಲ್ ನಿಯಮದ ತಳಹದಿ. ಆವಿ ಹಾಗಲ್ಲ, ಅದು ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟುತ್ತದೆ, ವಾಹನ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಲು ತಗಲುವುದು ನೂರುಗಳು, ಹೆಚ್ಚೆಂದರೆ ಒಂದೆರಡು ಸಾವಿರ. ಬದಲಿಸದಿದ್ದರೆ ಮುಂದಿನ ಮೆಟ್ಟಿಲಿನಲ್ಲಿ ಇರುವುದಕ್ಕೆ ಸೊನ್ನೆಗಳ ಲೆಕ್ಕವಿಲ್ಲ. ಆ ವಾಹನದ ಏಳು ಸೀಟುಗಳಲ್ಲಿ ಕುಳಿತವರು ಅಜ್ಜ, ಅಜ್ಜಿ, ತಂದೆ, ತಾಯಿ, ಮಕ್ಕಳು.

ಕೊಳ್ಳುವ ಮುನ್ನ ಒಂದು ಲೆಕ್ಕ

ಹಳೆಯ ಎಸ್‌ಯುವಿ ಕೊಳ್ಳಲೇಬಾರದು ಎಂದು ಇದರ ಅರ್ಥವಲ್ಲ. ಬಲವಾದ ಚಾಸಿ, ಊರೂರಿನಲ್ಲಿ ಸಿಗುವ ಬಿಡಿಭಾಗ, ರಿಪೇರಿ ಬಲ್ಲ ಕೈಗಳು ಇವುಗಳ ದೊಡ್ಡ ಅನುಕೂಲ. 2022ರಲ್ಲಿ ಸ್ಕಾರ್ಪಿಯೊ-ಎನ್ ಬಂದಾಗಲೂ ಹಳೆಯ ವಿನ್ಯಾಸ ‘ಕ್ಲಾಸಿಕ್’ ಎಂಬ ಹೆಸರಿನಲ್ಲಿ ಮುಂದುವರಿಯಿತು. ಬಿಡಿಭಾಗಗಳ ಮೇಲಿನ ಜಿಎಸ್‌ಟಿಯೂ 2025ರ ಸೆಪ್ಟೆಂಬರ್ 22ರಿಂದ ಏಕರೂಪವಾಗಿ ಶೇ 18ಕ್ಕೆ ಬಂತು. ಅದಕ್ಕೆ ಮೊದಲು ಅನೇಕ ಭಾಗಗಳ ಮೇಲೆ ಶೇ 28 ಇತ್ತು. ಇನ್ನೊಂದು ಕಡೆ, ಹದಿನೈದು ವರ್ಷ ಮುಗಿದ ಸ್ವಂತ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಕಾರು ವರ್ಗಕ್ಕೆ ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಇಪ್ಪತ್ತು ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಯಾಯಿತು.

ಹೀಗಾಗಿ ‘ಬೆಲೆ ಎಷ್ಟು?’ ಎಂದು ಕೇಳುವುದಕ್ಕಿಂತ ‘ಕಿಲೋಮೀಟರಿಗೆ ಎಷ್ಟು?’ ಎಂದು ಕೇಳುವುದು ಸರಿ. ಉದಾಹರಣೆಗೆ, ನಾಲ್ಕು ಲಕ್ಷಕ್ಕೆ ಕೊಂಡು ಐದು ವರ್ಷದ ನಂತರ ಎರಡು ಲಕ್ಷಕ್ಕೆ ಮಾರಿದರೆ ನಷ್ಟ ಎರಡು ಲಕ್ಷ. ವರ್ಷಕ್ಕೆ 10,000 ಕಿ.ಮೀ. ಓಡಿಸುವ ಮನೆಗೆ ಇದು ಕಿ.ಮೀ.ಗೆ 4 ರೂಪಾಯಿ. ಟೈರು, ಸರ್ವಿಸ್, ರಿಪೇರಿ ಸೇರಿ ವರ್ಷಕ್ಕೆ 60,000 ರೂಪಾಯಿ ಹಿಡಿದರೆ 6 ರೂಪಾಯಿ. ಲೀಟರಿಗೆ 12 ಕಿ.ಮೀ., ಡೀಸೆಲ್ ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ಏಳೂವರೆ ರೂಪಾಯಿ. ಒಟ್ಟು ಹದಿನೇಳೂವರೆ. ಇದೇ ವಾಹನವನ್ನು ವರ್ಷಕ್ಕೆ 4,000 ಕಿ.ಮೀ. ಮಾತ್ರ ಓಡಿಸುವ ಮನೆಯಲ್ಲಿ, ರಿಪೇರಿಗೆ ವರ್ಷಕ್ಕೆ 40,000 ರೂಪಾಯಿಯಷ್ಟೇ ಆದರೂ, ಕಿ.ಮೀ.ಗೆ 10, 10 ಮತ್ತು ಏಳೂವರೆ ಸೇರಿ ಇಪ್ಪತ್ತೇಳೂವರೆ ರೂಪಾಯಿ ಬೀಳುತ್ತದೆ. ವಿಮೆ ಇನ್ನೂ ಸೇರಿಲ್ಲ. ಹಬ್ಬಕ್ಕೊಮ್ಮೆ, ಜಾತ್ರೆಗೊಮ್ಮೆ ಮಾತ್ರ ದೊಡ್ಡ ವಾಹನ ಬೇಕಾಗುವ ಕುಟುಂಬಕ್ಕೆ ಬಾಡಿಗೆ ಗಾಡಿಯ ದರವನ್ನು ಇದರ ಪಕ್ಕದಲ್ಲಿ ಬರೆದು ನೋಡುವುದು ಒಳಿತು.

ಕೊಳ್ಳುವುದೇ ನಿಶ್ಚಯವಾದರೆ ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ವಾಹನ ನೋಡಬೇಕು. ಮಾಲೀಕರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೋಗುವುದು ಲೇಸು. ಪರಿಚಿತ ಮೆಕ್ಯಾನಿಕ್‌ಗೆ ಕೂಲಿ ಕೊಟ್ಟು ಕರೆದೊಯ್ಯಬೇಕು. ಆತ ಮಾರುವವರ ಕಡೆಯವನಾಗಿರಬಾರದು. ಚಾಸಿಯ ಬೆಸುಗೆ, ತುಕ್ಕು, ಆರ್.ಸಿ.ಯಲ್ಲಿನ ಚಾಸಿ ಸಂಖ್ಯೆ, ಬ್ಯಾಂಕ್ ಸಾಲ ತೀರಿದ ದಾಖಲೆ, ಸರ್ವಿಸ್ ಪುಸ್ತಕಗಳನ್ನು ತಾಳೆ ನೋಡಬೇಕು. ಕೈಯಲ್ಲಿರುವ ಹಣವನ್ನೆಲ್ಲ ಬೆಲೆಗೇ ಸುರಿಯದೆ, ಐದರಲ್ಲಿ ಒಂದು ಪಾಲನ್ನಾದರೂ ಮೊದಲ ವರ್ಷದ ರಿಪೇರಿಗೆಂದು ಬೇರೆ ಇಡಬೇಕು. ಹಾಗೆ ಇಡದವರ ಮನೆಯಲ್ಲಿ ಒಂದು ಇಂಜೆಕ್ಟರ್ ಕೆಟ್ಟರೂ ಮಕ್ಕಳ ಕಾಲೇಜು ಫೀಸಿನ ಹಣಕ್ಕೆ ಕೈ ಹೋಗುತ್ತದೆ.

ವಾಹನ ಬಂದ ಮೇಲೆ ಮನೆಯ ವಿದ್ಯಾರ್ಥಿಗೂ ಒಂದು ಕೆಲಸ ಕೊಡಬಹುದು. ಇನ್ನೂರು ಪುಟದ ಒಂದು ನೋಟ್‌ಬುಕ್ಕು, ವಾರಕ್ಕೊಮ್ಮೆ ಹತ್ತು ನಿಮಿಷ. ಕೂಲೆಂಟ್ ಮಟ್ಟ, ಎಂಜಿನ್ ಆಯಿಲ್ ಮಟ್ಟ, ಬ್ರೇಕ್ ಆಯಿಲ್ ಮಟ್ಟ, ಟೈರಿನ ಗಾಳಿ, ಮೀಟರಿನ ಅಂಕಿ, ನೆಲದ ಮೇಲೆ ಬಿದ್ದ ಹನಿಯ ಬಣ್ಣ: ಆರು ಕಾಲಂ ಸಾಕು. ಕೂಲೆಂಟ್ ಮಟ್ಟ ಎರಡು ವಾರ ಸತತವಾಗಿ ಇಳಿದಿದ್ದರೆ ಅದು ಎಲ್ಲೋ ಸೋರುತ್ತಿದೆ. ಗ್ಯಾರೇಜಿಗೆ ಹೋಗುವ ದಿನ ಆ ವಾರವೇ. ಆಗ ಬಿಲ್ಲು ನೂರುಗಳಲ್ಲಿ ಮುಗಿಯುತ್ತದೆ.